ಬರ್ಡ್ಸ್‌ವಿಲ್ ದಾರಿಯ ಟಪಾಲು ಲಾರಿ

ಟಾಮ್ ಕ್ರೂಸ್ ಅಂದ ಕೂಡಲೇ ಹಾಲಿವುಡ್ ನಟ ಅಂದ್ಕೋಬೇಡಿ. ಇವರು ಆಸ್ಟ್ರೇಲಿಯಾದ ಟಪಾಲು ಲಾರಿ ಡ್ರೈವರ್. ಮರ್ರೀಯಿಂದ ಬರ್ಡ್ಸ್‌ವಿಲ್‌ಗೆ ಸುಮಾರು 500 ಕಿ.ಮೀ. ಕಚ್ಚಾ ರಸ್ತೆ; ಮೊದಲು ದನ ಹೊಡೆದುಕೊಂಡು ಹೋಗುತ್ತಿದ್ದ ಜಾಡು. 1936ರಿಂದ ಹದಿನೈದು ದಿನಕ್ಕೊಮ್ಮೆ ಅಲ್ಲಿನ ಒಂಟಿಮನೆಗಳಿಗೆ ಕಾಗದ, ದಿನಸಿ ಒಯ್ದರು. (ಊರಿನ ಇನ್‌ಲ್ಯಾಂಡ್ ಲೆಟರಿಗೆ ಕಾದವರಿಗೆ ಬಿಡಿಸಿ ಹೇಳಬೇಕಿಲ್ಲ.) ಮರಳುದಿಬ್ಬ ಬಂದರೆ ಕಬ್ಬಿಣದ ಹಾಳೆ ಹಾಸಿ ಲಾರಿ ಹತ್ತಿಸಬೇಕು, ಹಾಳೆ ಎತ್ತಿಕೊಂಡು ಮುಂದಿನ ದಿಬ್ಬಕ್ಕೆ. ಕೂಪರ್ ಕ್ರೀಕ್ ತುಂಬಿದರೆ ದೋಣಿಯೇ ಗತಿ. ಗಾಡಿ ಕೆಟ್ಟರೆ ಮೆಕ್ಯಾನಿಕ್ಕೂ ಅವರೇ! 1955ರಲ್ಲಿ ಎಂಬಿಇ ಗೌರವ ಸಿಕ್ಕಿತು.

ಉತ್ಪ್ರೇಕ್ಷೆ ಅನ್ನಿಸಿದರೆ ಇದನ್ನು ಕೇಳಿ. 1963ರ ಡಿಸೆಂಬರ್‌ನಲ್ಲಿ ಅದೇ ದಾರಿಯಲ್ಲಿ ದಿಕ್ಕು ತಪ್ಪಿ, ಪೆಟ್ರೋಲ್ ಮುಗಿದ ಒಂದು ಕುಟುಂಬ ಕಾರು ಬಿಟ್ಟು ನೀರು ಹುಡುಕುತ್ತಾ ನಡೆಯಿತು. ಐದೂ ಜನ ಬಾಯಾರಿ ಸತ್ತರು.

ಕ್ರೂಸ್ ತೀರಿಕೊಂಡದ್ದು 2011ರಲ್ಲಿ, 96ನೇ ವಯಸ್ಸಿಗೆ.