ಪಟ್ಟಿಯಿಂದ ಬಂದ ಹೆಸರು: ಫಿಲಿಪೀನ್ಸಿನ ಸ್ಪ್ಯಾನಿಷ್ ಅಡ್ಡಹೆಸರುಗಳ ಕುರಿತು ಒಂದು ಟಿಪ್ಪಣಿ

ಫಿಲಿಪೀನ್ಸಿನಲ್ಲಿ ಗಾರ್ಸಿಯಾ, ರೇಯೆಸ್, ರಾಮೋಸ್, ಮೆಂಡೋಜಾ ಎಂಬ ಅಡ್ಡಹೆಸರುಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ಆದರೆ ಆ ಹೆಸರು ಹೊತ್ತವರಲ್ಲಿ ಸ್ಪ್ಯಾನಿಷ್ ಬಲ್ಲವರು ತೀರ ವಿರಳ. 1565ರಿಂದ 1898ರವರೆಗೆ ಸ್ಪೇನಿನ ಆಳ್ವಿಕೆಯಲ್ಲಿದ್ದ ದೇಶ ಇದು. ಮೆಕ್ಸಿಕೋ, ಪೆರುಗಳ ಚರಿತ್ರೆ ಓದಿದವರು ಇಲ್ಲಿಯೂ ಹೆಸರು, ರಕ್ತಸಂಬಂಧ, ಭಾಷೆ ಮೂರೂ ಒಂದೇ ದಾರಿಯಲ್ಲಿ ಬಂದಿರಬೇಕೆಂದು ಊಹಿಸುವುದು ಸಹಜ. ಫಿಲಿಪೀನೋ ಮನೆಗಳಲ್ಲಿಯೂ ಮುತ್ತಜ್ಜನೊಬ್ಬ ಸ್ಪೇನಿನಿಂದ ಬಂದವನೆಂಬ ನಂಬಿಕೆ ಎಷ್ಟೋ ಸಲ ಬರೀ ಅಡ್ಡಹೆಸರಿನ ಆಧಾರದ ಮೇಲೆ ನಿಂತಿರುತ್ತದೆ. ಈ ಊಹೆಯನ್ನು ಪರೀಕ್ಷಿಸಿ ನೋಡಬೇಕು. ಫಿಲಿಪೀನ್ಸಿನ ಅಡ್ಡಹೆಸರನ್ನು ವಂಶಾವಳಿಯ ದಾಖಲೆಯಾಗಿ ಓದುವುದಕ್ಕಿಂತ ಕಚೇರಿಯ ದಾಖಲೆಯಾಗಿ ಓದಿದರೆ ಅದರಿಂದ ತಿಳಿಯುವುದು ಹೆಚ್ಚು ಎಂಬುದು ನನ್ನ ನಿಲುವು.

ಆ ಕಚೇರಿಯ ದಾಖಲೆಗೆ ಖಚಿತವಾದ ತಾರೀಖಿದೆ. 1849ರ ನವೆಂಬರ್ 21ರಂದು ಗವರ್ನರ್ ಜನರಲ್ ನಾರ್ಸಿಸೊ ಕ್ಲಾವೆರಿಯಾ ಒಂದು ಆದೇಶ ಹೊರಡಿಸಿದ. ಲೆಕ್ಕಾಚಾರದಲ್ಲಿ ಬಹಳ ಕಟ್ಟುನಿಟ್ಟಿನ ಆಡಳಿತಗಾರ ಈತ. ಪಂಚಾಂಗದಲ್ಲಿ ಮನಿಲಾ ಏಷ್ಯಾದ ಉಳಿದ ಊರುಗಳಿಗಿಂತ ಒಂದು ದಿನ ಹಿಂದಿತ್ತು; ಅದನ್ನು ಸರಿಪಡಿಸಲು 1844ರ ಡಿಸೆಂಬರ್ 31ನ್ನೇ ತೆಗೆದುಹಾಕಿ, 30ರ ಮರುದಿನ ಹೊಸ ವರ್ಷ ಬರುವಂತೆ ಮಾಡಿದವನೂ ಇವನೇ. ಪ್ರಾಂತ್ಯಗಳಲ್ಲಿ ಸಂಚರಿಸಿದಾಗ ಅವನ ಕಣ್ಣಿಗೆ ಬಿದ್ದದ್ದು ಇನ್ನೊಂದು ಅಸ್ತವ್ಯಸ್ತತೆ. ಸ್ಥಳೀಯರಲ್ಲಿ ಹೆಚ್ಚಿನವರಿಗೆ ತಂದೆಯಿಂದ ಮಗನಿಗೆ ಸಾಗುವ ಹೆಸರೇ ಇರಲಿಲ್ಲ. ದೀಕ್ಷಾಸ್ನಾನದ ಹೊತ್ತಿಗೆ ಸಂತರ ಹೆಸರನ್ನೋ ಭಕ್ತಿಸೂಚಕ ಪದವನ್ನೋ ಮನಬಂದಂತೆ ಇಟ್ಟುಕೊಳ್ಳುತ್ತಿದ್ದರು. ದೆ ಲಾ ಕ್ರೂಸ್, ದೆ ಲೋಸ್ ಸಾಂತೋಸ್ ಎಂಬ ಹೆಸರಿನವರು ಊರೂರಲ್ಲಿ ತುಂಬಿದ್ದರು. ಒಂದೇ ಮನೆಯ ಅಣ್ಣತಮ್ಮಂದಿರಿಗೆ ಬೇರೆಬೇರೆ ಹೆಸರಿರುವುದೂ ಸಾಮಾನ್ಯವಾಗಿತ್ತು. ಹೀಗಾಗಿ ನ್ಯಾಯ, ಕಂದಾಯ, ಶಾಂತಿಪಾಲನೆ ಎಲ್ಲಕ್ಕೂ ತೊಡಕು. ಮದುವೆಗೆ ನಿಷಿದ್ಧವಾದ ರಕ್ತಸಂಬಂಧ ಇದೆಯೋ ಇಲ್ಲವೋ ಎಂದು ತಿಳಿಯಲೂ ಆಗದು ಎಂಬುದು ಆದೇಶ ಕೊಡುವ ಕಾರಣ. ಈ ಕಾರಣಗಳಲ್ಲಿ ತಲೆಗಂದಾಯದ ವಸೂಲಿಯೇ ಮುಖ್ಯವಾಗಿತ್ತೆಂದು ನನಗೆ ತೋರುತ್ತದೆ. ತಲೆಗಳನ್ನು ಎಣಿಸಬೇಕಾದ ಸರ್ಕಾರಕ್ಕೆ ಹೆಸರು ಬದಲಾಗುತ್ತಲೇ ಇರುವ ಪ್ರಜೆ ಕೈಗೆ ಸಿಗುವುದಿಲ್ಲ.

ಪರಿಹಾರವಾಗಿ ಸಿದ್ಧವಾದದ್ದು 'ಕತಾಲೊಗೊ ಆಲ್ಫಬೆತಿಕೊ ದೆ ಅಪೆಲ್ಯಿದೋಸ್' ಎಂಬ ಹೆಸರುಗಳ ಪಟ್ಟಿ. ಸುಮಾರು 60 ಸಾವಿರ ಹೆಸರುಗಳು ಅಕಾರಾದಿಯಾಗಿ, ಕಂಬಸಾಲುಗಳಲ್ಲಿ ಅಚ್ಚಾಗಿವೆ. 1973ರಲ್ಲಿ ಫಿಲಿಪೀನ್ಸಿನ ರಾಷ್ಟ್ರೀಯ ಪತ್ರಾಗಾರ ದೊಮಿಂಗೊ ಆಬೆಲ್ಲಾ ಅವರ ಮುನ್ನುಡಿಯೊಡನೆ ಇದನ್ನು ಮರುಮುದ್ರಿಸಿತು. ಪಟ್ಟಿಯಲ್ಲಿರುವುದು ಬರೀ ಸ್ಪೇನಿನ ಮನೆತನಗಳ ಹೆಸರಲ್ಲ. ಗಿಡಮರ, ಖನಿಜ, ಭೂಗೋಳ, ಕಲೆಗಳಿಗೆ ಸಂಬಂಧಿಸಿದ ಪದಗಳಿವೆ. ದ್ವೀಪಗಳ ಭಾಷೆಗಳಿಂದಲೇ ಆಯ್ದ ಪದಗಳೂ ಇವೆ. ಹೆಸರುಗಳನ್ನು ಕೂಡಿಸಲು ನೆರವಾದವರು ಕ್ರೈಸ್ತ ಸಂನ್ಯಾಸಿ ಸಂಘಗಳ ಮುಖ್ಯಸ್ಥರು. ಪಟ್ಟಿಯ ಹಾಳೆಗಳು ಪ್ರಾಂತ್ಯಾಧಿಕಾರಿಗೆ ಹೋಗಬೇಕು. ಅವನು ಪ್ರತಿ ಊರಿನ ಕುಟುಂಬಗಳ ಸಂಖ್ಯೆಗೆ ತಕ್ಕಷ್ಟು ಹೆಸರುಗಳನ್ನು ಹಂಚಬೇಕು. ಪಾದ್ರಿ ಮತ್ತು ಊರಿನ ಮುಖಂಡರ ಎದುರು ಮನೆಯ ಹಿರಿಯ ಒಂದು ಹೆಸರನ್ನು ಪಡೆಯಬೇಕು. ಮಕ್ಕಳಿಗೆಲ್ಲ ಅದೇ ಹೆಸರು. ಶಾಲೆಯ ಉಪಾಧ್ಯಾಯರೂ ಹೊಸ ಹೆಸರುಗಳ ದಾಖಲೆ ಇಟ್ಟುಕೊಂಡು, ಮಕ್ಕಳು ಅದನ್ನೇ ಬಳಸುವಂತೆ ನೋಡಿಕೊಳ್ಳಬೇಕಿತ್ತು.

ಮಂಗಳೂರಿನ ಕಥೊಲಿಕರ ಡಿಸೋಜ, ಪಿಂಟೊಗಳನ್ನು ಬಲ್ಲ ಓದುಗರು ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ಆ ಮನೆತನಗಳ ಪೂರ್ವಿಕರಿಗೆ ಗೋವೆಯಲ್ಲಿ ಪೋರ್ಚುಗೀಸ್ ಹೆಸರು ಬಂದದ್ದು ಮತಾಂತರದ ಜೊತೆಗೆ. ಫಿಲಿಪೀನ್ಸಿನವರು ಕ್ರೈಸ್ತರಾಗಿ ಎರಡು ಶತಮಾನಗಳೇ ಕಳೆದ ಮೇಲೆ ಈ ಹೆಸರುಗಳು ಬಂದವು, ಅದೂ ಮುದ್ರಿತ ಹಾಳೆಯಿಂದ.

ಹಂಚಿಕೆಯ ಗುರುತು ನೆಲದ ಮೇಲೆ ಇನ್ನೂ ಕಾಣುತ್ತದೆ. ಲುಸೋನ್ ದ್ವೀಪದ ಆಗ್ನೇಯ ತುದಿಯ ಬಿಕೋಲ್ ಸೀಮೆ ಇದಕ್ಕೆ ಅತ್ಯುತ್ತಮ ನಿದರ್ಶನ. ಇಂದು ಆಲ್ಬಾಯ್, ಸೊರ್ಸೊಗೊನ್, ಕತಾಂದುವಾನೆಸ್ ಎಂದು ಬೇರೆಯಾಗಿರುವ ಪ್ರಾಂತ್ಯಗಳು 1849ರಲ್ಲಿ ಒಬ್ಬನೇ ಅಧಿಕಾರಿಯ ಕೈಕೆಳಗಿದ್ದವು. ಅವನು ವರ್ಣಮಾಲೆಯನ್ನು ಊರಿಂದೂರಿಗೆ ಹಾಸುತ್ತ ಹೋದಂತಿದೆ. ಪ್ರಾಂತ್ಯದ ರಾಜಧಾನಿಗೆ 'ಎ'. ತಬಾಕೊ ದಾಟಿ ತಿವಿವರೆಗಿನ ಕರಾವಳಿಗೆ 'ಬಿ', 'ಸಿ'. ಸೊರ್ಸೊಗೊನ್ ಕರಾವಳಿಗೆ 'ಇ'ಯಿಂದ 'ಎಲ್'ವರೆಗೆ. ದರಾಗಾದಲ್ಲಿ 'ಎಂ' ಶುರುವಾಗಿ ಒಳನಾಡಿನ ಪೊಲಾಂಗಿ, ಲಿಬೊನ್ ಊರುಗಳ ಹೊತ್ತಿಗೆ 'ಎಸ್'. ಮಿಕ್ಕ ಅಕ್ಷರಗಳು ಕತಾಂದುವಾನೆಸ್ ದ್ವೀಪಕ್ಕೆ. ಓವಾಸ್ ಎಂಬ ಊರಿನಲ್ಲಿ ಇಂದಿಗೂ 'ಆರ್' ಅಕ್ಷರದ ಅಡ್ಡಹೆಸರುಗಳೇ ಹೇರಳ. ಒಂದೇ ಅಕ್ಷರದ ಹೆಸರುಗಳು ಒಂದೇ ಊರಲ್ಲಿ ಗುಂಪುಗೂಡಿದರೆ ಅದಕ್ಕೆ ರಕ್ತಸಂಬಂಧ ಕಾರಣವಲ್ಲ; ಹಾಳೆ ಯಾವ ಊರಿಗೆ ಹೋಯಿತೆಂಬುದು ಕಾರಣ. ಅಂದರೆ ಹೆಸರಿನ ಮೊದಲ ಅಕ್ಷರ ಒಬ್ಬನ ಪೂರ್ವಿಕರು 1849ರ ಸುಮಾರಿಗೆ ಎಲ್ಲಿದ್ದರೆಂಬ ಸುಳಿವು ಕೊಡಬಲ್ಲದು. ಅವರು ಯಾವ ಜನಾಂಗದವರೆಂದು ಅದು ಹೇಳಲಾರದು.

ಆದೇಶ ಎಲ್ಲೆಡೆ ಒಂದೇ ಬಿಗಿಯಲ್ಲಿ ಜಾರಿಯಾಗಲಿಲ್ಲ ಎಂಬುದನ್ನೂ ಹೇಳಬೇಕು. ನಾಲ್ಕು ತಲೆಮಾರಿನಿಂದ ಒಂದೇ ಹೆಸರು ಉಳಿಸಿಕೊಂಡದ್ದನ್ನು ರುಜುವಾತು ಮಾಡಿದವರಿಗೆ ಅದನ್ನೇ ಇಟ್ಟುಕೊಳ್ಳುವ ಅವಕಾಶವಿತ್ತು. ಆದರೆ ಗೊಂದಲ ತಪ್ಪಿಸಲು ದೆ ಲಾ ಕ್ರೂಸ್, ದೆ ಲೋಸ್ ಸಾಂತೋಸ್‌ಗಳಿಗೆ ಆ ವಿನಾಯಿತಿ ಇರಲಿಲ್ಲ. ಹಾಗಿದ್ದೂ ಇಂದು ದೇಶದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಅಡ್ಡಹೆಸರು ದೆಲಾ ಕ್ರೂಸ್. ಲಕಂದುಲಾದಂಥ ಹಳೆಯ ನಾಯಕರ ಹೆಸರುಗಳನ್ನು ಹಕ್ಕುಳ್ಳ ವಂಶಸ್ಥರಲ್ಲದೆ ಬೇರೆಯವರು ಇಟ್ಟುಕೊಳ್ಳುವಂತಿರಲಿಲ್ಲ. ಚೀನೀ ಮೂಲದ ಕುಟುಂಬಗಳ ಕೊಹ್ವಾಂಕೊದಂಥ ಹೆಸರುಗಳೂ ಉಳಿದುಬಂದವು. ಅದರ ಕೊನೆಯ 'ಕೊ' ಹೊಕ್ಕಿಯೆನ್ ಭಾಷೆಯಲ್ಲಿ ಅಣ್ಣನಿಗೆ ಹೇಳುವ ಮಾತು.

ರಾಷ್ಟ್ರನಾಯಕ ಹೋಸೆ ರಿಸಾಲ್ ಅವರ ಹೆಸರನ್ನೇ ಬಿಡಿಸಿ ನೋಡಬಹುದು. ತಂದೆಯ ಕಡೆಯ ಮೂಲಪುರುಷ ದೊಮಿಂಗೊ ಲಾಮ್‌ಕೊ ಚೀನಾದಿಂದ ಬಂದು ಕ್ರೈಸ್ತನಾದವನು. ಅವನ ಮನೆತನ ಹಿಡಿದ ಹೆಸರು ಮೆರ್ಕಾದೊ. ರಿಸಾಲ್ ಎಂಬುದು ಕ್ಲಾವೆರಿಯಾನ ಆದೇಶದ ಕಾಲದಲ್ಲಿ ಅದಕ್ಕೆ ಸೇರಿಕೊಂಡಿತು. ಮನೆಯವರು ಅದನ್ನು ಅಷ್ಟಾಗಿ ಬಳಸುತ್ತಿರಲಿಲ್ಲ. 1872ರಲ್ಲಿ ಮರಣದಂಡನೆಗೆ ಗುರಿಯಾದ ಪಾದ್ರಿ ಬುರ್ಗೋಸ್ ಜೊತೆ ಅಣ್ಣ ಪಾಸಿಯಾನೊ ಮೆರ್ಕಾದೊಗೆ ನಂಟಿತ್ತು. ಸಂಶಯದ ಕಣ್ಣು ತಮ್ಮನ ಮೇಲೆ ಬೀಳದಿರಲೆಂದು ಹೋಸೆ ಶಾಲೆಗೆ ಸೇರುವಾಗ ರಿಸಾಲ್ ಎಂದು ಬರೆಸಲಾಯಿತು. ಸರ್ಕಾರ ಪ್ರಜೆಯನ್ನು ಗುರುತು ಹಿಡಿಯಲು ತಂದ ವ್ಯವಸ್ಥೆ, ಇಲ್ಲಿ ಒಬ್ಬ ಹುಡುಗನನ್ನು ಆ ಸರ್ಕಾರದಿಂದಲೇ ಮರೆಮಾಡಿತು.

ಭಾಷೆಯ ಕಥೆ ಬೇರೆ ದಾರಿಯದು. ಮನಿಲಾ ಮೆಕ್ಸಿಕೋದ ಮೂಲಕ ಆಳಲ್ಪಡುತ್ತಿದ್ದ ದೂರದ ನೆಲ. ಅಲ್ಲಿ ನೆಲೆಸಿದ ಸ್ಪೇನಿನವರ ಸಂಖ್ಯೆ ಅಲ್ಪ. ಮಿಷನರಿಗಳು ಜನರ ಭಾಷೆಯನ್ನೇ ಕಲಿತು ಬೋಧಿಸಿದರು. 1593ರಲ್ಲಿ ಮನಿಲಾದಲ್ಲಿ ಅಚ್ಚಾದ 'ದೊಕ್ತ್ರಿನಾ ಕ್ರಿಸ್ತಿಯಾನಾ'ದಲ್ಲಿ ತಗಾಲೋಗ್ ಭಾಷೆ ಅದರದೇ ಬೈಬಾಯಿನ್ ಲಿಪಿಯಲ್ಲೂ ಇದೆ. ಊರೂರಿಗೆ ಸ್ಪ್ಯಾನಿಷ್ ಕಲಿಸುವ ಪ್ರಾಥಮಿಕ ಶಾಲೆಗಳಿರಬೇಕೆಂಬ ಕಟ್ಟಳೆ ಬಂದದ್ದು 1863ರಲ್ಲಿ, ಹೆಸರುಗಳ ಆದೇಶವಾಗಿ 14 ವರ್ಷಗಳ ನಂತರ. ಆ ಭಾಷೆಯನ್ನು ನಿಜವಾಗಿ ತಮ್ಮದಾಗಿಸಿಕೊಂಡವರು ಸ್ಪೇನಿನ ವಿರುದ್ಧ ನಿಂತ ವಿದ್ಯಾವಂತರು. ರಿಸಾಲರ ಎರಡೂ ಕಾದಂಬರಿಗಳು (1887, 1891), 1899ರ ಮಾಲೋಲೋಸ್ ಸಂವಿಧಾನ, ಅದೇ ವರ್ಷ ಹೋಸೆ ಪಾಲ್ಮಾ ರಾಷ್ಟ್ರಗೀತೆಗೆ ಬರೆದ ಮೊದಲ ಸಾಹಿತ್ಯ, ಎಲ್ಲವೂ ಸ್ಪ್ಯಾನಿಷ್‌ನಲ್ಲಿವೆ. ಸ್ವಾತಂತ್ರ್ಯದ ಹಂಬಲ ಇಷ್ಟು ತೀವ್ರವಾಗಿ ದನಿಗೂಡಿದ್ದು ಆಳುವವರ ಭಾಷೆಯಲ್ಲಿ ಎಂಬುದು ಇಡೀ ಹಿಸ್ಪಾನಿಕ್ ಜಗತ್ತಿನ ಚರಿತ್ರೆಯಲ್ಲಿ ನನ್ನನ್ನು ಅತ್ಯಂತ ಗಾಢವಾಗಿ ತಟ್ಟುವ ಸಂಗತಿ. ಅಮೆರಿಕದ ಆಳ್ವಿಕೆ ಇಂಗ್ಲಿಷ್ ಶಾಲೆಗಳನ್ನು ತಂದಿತು. 1987ರ ಸಂವಿಧಾನ ಸ್ಪ್ಯಾನಿಷನ್ನು ಐಚ್ಛಿಕ ಭಾಷೆಯ ಸ್ಥಾನದಲ್ಲಿ ಇಟ್ಟಿದೆ. ಜನಸಾಮಾನ್ಯರ ಬಾಯಲ್ಲಿ ಅದರ ಕುಡಿ ಉಳಿದಿರುವುದು ಮುಖ್ಯವಾಗಿ ಸಾಂಬೊವಾಂಗಾದಲ್ಲಿ. 1635ರಲ್ಲಿ ಕಟ್ಟಿದ ಕೋಟೆಯ ಸುತ್ತ ಬೆಳೆದ ಈ ನಗರದ ಚಾವಕಾನೊ ಭಾಷೆಯ ಪದಗಳು ಬಹುಪಾಲು ಸ್ಪ್ಯಾನಿಷ್. ಬಹುವಚನಕ್ಕೆ ಬಳಸುವ 'ಮಂಗಾ', ನಾವು ಎನ್ನಲು ಬಳಸುವ 'ಕಿತಾ' ಮೊದಲಾದವು ದ್ವೀಪಗಳ ಭಾಷೆಗಳವು.

ಆದ್ದರಿಂದ ವಂಶಾವಳಿ ಹುಡುಕುವವರು 1849ನ್ನು ಗಡಿಯೆಂದು ತಿಳಿದು ಕೆಲಸ ಮಾಡಬೇಕು. ಅದರ ಹಿಂದಿನ ಚರ್ಚ್ ದಾಖಲೆಗಳಲ್ಲಿ ಅಡ್ಡಹೆಸರನ್ನು ಹಿಡಿದು ಹೋದರೆ ಎಳೆ ಕಡಿದುಹೋಗುತ್ತದೆ. ದೀಕ್ಷಾಸ್ನಾನದ ಹೆಸರು, ಬರಾಂಗೈ (ಊರೊಳಗಿನ ಚಿಕ್ಕ ಆಡಳಿತ ಘಟಕ), ಸಾಕ್ಷಿಗಳು, ಗಂಡಹೆಂಡಿರ ಜೋಡಿಹೆಸರು ಇವುಗಳನ್ನು ಕೂಡಿಸಿ ನೋಡಬೇಕು. ದಾಖಲೆಗಳೇ ನಾಶವಾದ ಕಡೆ ಇನ್ನೂ ಕಷ್ಟ. 1945ರ ಮನಿಲಾ ಕದನದಲ್ಲಿ ಇಂಟ್ರಾಮುರೋಸ್ ಕೋಟೆಯೊಳಗಿನ ಚರ್ಚುಗಳಲ್ಲಿ ಸಾನ್ ಅಗುಸ್ತಿನ್ ಒಂದೇ ಉಳಿಯಿತು. ಅಂಥ ಕಡೆ ಊರಿನ ಅಡ್ಡಹೆಸರುಗಳ ಮೊದಲಕ್ಷರಗಳನ್ನು ಎಣಿಸಿ, ಕತಾಲೊಗೊದ ಪುಟಗಳೊಡನೆ ಹೋಲಿಸಿದರೆ, ಯಾವ ಹಾಳೆ ಆ ಊರಿಗೆ ಹೋಗಿತ್ತು, ಯಾವ ಕುಟುಂಬಗಳು ಆಮೇಲೆ ಬಂದು ಸೇರಿದವು ಎಂಬುದನ್ನಾದರೂ ಬೇರ್ಪಡಿಸಬಹುದು.