ಮೆಕ್‌ಕಾಲಿ ನೌಕೆಯ ಅವಸಾನ

ದ್ವಿತೀಯ ಮಹಾಯುದ್ಧದಲ್ಲಿ ಅಮೆರಿಕೆಯ ನೌಕಾಬಲಕ್ಕೆ ಸೇರಿದ್ದ ಮೆಕ್‌ಕಾಲಿ ಎಂಬ ಸೈನ್ಯವಾಹಕ ನೌಕೆಯು 1943ನೆಯ ಇಸವಿ ಜೂನ್ 30ರ ರಾತ್ರಿ ಸಾಲೊಮನ್ ದ್ವೀಪಗಳ ಸಮುದ್ರದಲ್ಲಿ ಮುಳುಗಿತು. ಶತ್ರುಗಳ ಸಬ್‌ಮೆರೀನು ಅದನ್ನು ಮುಳುಗಿಸಿತೆಂದು ಮೊದಲು ನಂಬಲಾಗಿದ್ದಿತು. ಈ ನಂಬಿಕೆಯ ಸಾಧುತ್ವವನ್ನು ವಿಮರ್ಶಿಸುವುದಕ್ಕೆ ನೌಕೆಯ ಪೂರ್ವವೃತ್ತಾಂತವೂ ಅವಶ್ಯವಾಗಿದೆ.

1928ರಲ್ಲಿ ಇಂಗ್ಲೆಂಡಿನಲ್ಲಿ ಸಾಂತಾ ಬಾರ್ಬರಾ ಎಂಬ ಹೆಸರಿನಿಂದ ನಿರ್ಮಿತವಾದ ಈ ಹಡಗನ್ನು 1940ರಲ್ಲಿ ನೌಕಾಬಲವು ಸ್ವಾಧೀನಪಡಿಸಿಕೊಂಡಿತು. 1942ನೆಯ ಆಗಸ್ಟ್ 7ರಂದು ಗ್ವಾಡಲ್‌ಕೆನಾಲಿನಲ್ಲಿ ಸೈನ್ಯವಿಳಿದಾಗ ಇದು ರಿಯರ್ ಅಡ್ಮಿರಲ್ ಟರ್ನರನ ಧ್ವಜನೌಕೆಯಾಗಿದ್ದಿತು. ಮರುದಿನ ರಾತ್ರಿ ಟರ್ನರನು ಕಾವಲು ಪಡೆಯ ನಾಯಕನಾದ ಕ್ರಚ್ಲಿಯನ್ನೂ ದಡದಲ್ಲಿದ್ದ ಸೇನಾಪತಿ ವ್ಯಾಂಡೆಗ್ರಿಫ್ಟನನ್ನೂ ಇಲ್ಲಿಗೇ ಕರೆಸಿ ಮಂತ್ರಾಲೋಚನೆ ನಡೆಸಿದನು. ಕ್ರಚ್ಲಿಯು ತನ್ನ ಕ್ರೂಸರಿನೊಡನೆ ಕಾವಲುಸ್ಥಾನವನ್ನು ಬಿಟ್ಟುಬಂದಿದ್ದ ಆ ರಾತ್ರಿಯೇ ಜಪಾನೀಯರು ಸಾವೋ ದ್ವೀಪದ ಬಳಿ ಎರಗಿ ಮಿತ್ರಪಕ್ಷದ ನಾಲ್ಕು ಕ್ರೂಸರುಗಳನ್ನು ನಾಶಪಡಿಸಿದರು.

1943ರ ಜೂನ್ 30ರಂದು ರೆಂಡೋವಾ ದ್ವೀಪದಲ್ಲಿ ಸೈನ್ಯವನ್ನಿಳಿಸಿ ಹಿಂದಿರುಗುತ್ತಿದ್ದಾಗ, ಅಪರಾಹ್ಣದಲ್ಲಿ, ಜಪಾನಿನ ವಿಮಾನವೊಂದರ ಟಾರ್ಪೆಡೋ ನೌಕೆಯ ಮಧ್ಯಭಾಗಕ್ಕೆ ಬಡಿಯಿತು. 15 ಮಂದಿ ಮಡಿದರು. ಟರ್ನರನು ಫೇರನ್‌ಹೋಲ್ಟ್ ಎಂಬ ವಿನಾಶಕ ನೌಕೆಗೆ ತೆರಳಿದನು. ಲಿಬ್ರಾ ಎಂಬ ಹಡಗು ಗಾಯಗೊಂಡ ನೌಕೆಯನ್ನು ಎಳೆದೊಯ್ಯಲು ಯತ್ನಿಸಿತು. ಸಾಯಂಕಾಲ ಉಳಿದ ಸಿಬ್ಬಂದಿಯನ್ನೂ ಇಳಿಸಲಾಯಿತು. ರಾತ್ರಿ 8 ಗಂಟೆ 23 ನಿಮಿಷಕ್ಕೆ ಮತ್ತೆರಡು ಟಾರ್ಪೆಡೋಗಳು ತಗುಲಲು, ಅರ್ಧ ನಿಮಿಷದೊಳಗೆ ನೌಕೆಯು ಅದೃಶ್ಯವಾಯಿತು.

ಟಾರ್ಪೆಡೋ ತಗುಲಿದುದು ಪ್ರತ್ಯಕ್ಷ. ಪ್ರಯೋಗಿಸಿದವರು ಶತ್ರುಗಳೆಂಬುದು ಅನುಮಾನ. ಶತ್ರುಗಳು ಸಮೀಪದಲ್ಲಿರಬಹುದೆಂಬ ಸಂಭವವೊಂದೇ ಈ ಅನುಮಾನಕ್ಕೆ ಹೇತು. ಆ ಹೇತುವು ದುಷ್ಟವೆಂಬುದು ಬಳಿಕ ಸಿದ್ಧವಾಯಿತು: ಅಮೆರಿಕೆಯವೇ ಆದ ಸಣ್ಣ ಟಾರ್ಪೆಡೋ ದೋಣಿಗಳು ಕತ್ತಲಲ್ಲಿ ಆ ನೌಕೆಯನ್ನು ಶತ್ರುಗಳ ಹಡಗೆಂದು ಭ್ರಮಿಸಿ ಹೊಡೆದಿದ್ದವು. ಅಲ್ಲಿ ಸ್ವಪಕ್ಷದ ಹಡಗುಗಳಿರುವುವೆಂಬ ಸಂಗತಿ ದೋಣಿಯವರಿಗೆ ತಿಳಿದಿರಲಿಲ್ಲ. ಮಂದಾಂಧಕಾರದಲ್ಲಿ ರಜ್ಜುವು ಸರ್ಪವಾಗಿ ತೋರುವಂತೆ ಇವರ ಭ್ರಮೆ. ಆದರೆ ಇದಕ್ಕೆ ಕತ್ತಲೆಗಿಂತಲೂ ವಾರ್ತೆಯ ಅಭಾವವೇ ಮುಖ್ಯ ಕಾರಣ.

ಶತ್ರುಗಳ ಪ್ರಹಾರವನ್ನು ತಡೆದುಕೊಂಡು ನಾಲ್ಕು ಗಂಟೆಗೂ ಹೆಚ್ಚು ಕಾಲ ತೇಲಿದ ನೌಕೆಯು ಸ್ವಪಕ್ಷದವರ ಕೈಯಿಂದ ಮುಳುಗಿತು. ಆ ಮೊದಲೇ ಜನರನ್ನು ಇಳಿಸಿದ್ದುದರಿಂದ ಮಾತ್ರ ಈ ಭ್ರಮೆಯು ನರಹತ್ಯೆಯಾಗಿ ಪರಿಣಮಿಸಲಿಲ್ಲ. ಯುದ್ಧಚರಿತ್ರೆಯಲ್ಲಿ ಪ್ರತಿಯೊಂದು ನಷ್ಟವನ್ನೂ ಶತ್ರುಗಳ ಮೇಲೆ ಆರೋಪಿಸುವುದು ಸುಲಭ. ಪ್ರಮಾಣವನ್ನು ಅರಸುವವನು ಅಷ್ಟಕ್ಕೇ ತೃಪ್ತನಾಗಲಾಗದು.