ಅಚ್ಚು ನಮ್ಮದು, ಹೆಸರು ಯಾರದು?

ಭಾನುವಾರ ರಾತ್ರಿ ನವುಲೆಯ ಕಡೆಯಿಂದ ಬೆಂಗಳೂರು ಬಸ್ಸು ಹಿಡಿಯಲು ಹೊರಟ ಹುಡುಗರನ್ನು ನಾವು ನೋಡುತ್ತಲೇ ಇರುತ್ತೇವೆ. ಬೆನ್ನಿಗೊಂದು ಚೀಲ, ಕೈಯಲ್ಲಿ ಅವ್ವ ಕಟ್ಟಿಕೊಟ್ಟ ರೊಟ್ಟಿ ಗಂಟು. ಒಬ್ಬನನ್ನು ನಿಲ್ಲಿಸಿ, "ಏನ್ ಕೆಲ್ಸನಪ್ಪಾ?" ಅಂದೆವು. "ಕನೆಕ್ಟರ್ ಮಾಡೋ ಕಂಪ್ನಿ ಅಣ್ಣಾ, ಮೌಲ್ಡಿಂಗ್ ಸೆಕ್ಷನ್ನು" ಅಂದ. "ಹಂಗಾದ್ರೆ ನೀನು ಮೌಲ್ಡರ್ರು ಅನ್ನು" ಅಂದೆವು. ನಕ್ಕುಬಿಟ್ಟ. "ಎಲ್ಲಿ ಮೌಲ್ಡರ್ರು! ಸಂಬಳದ ಚೀಟೀಲಿ ಹೆಲ್ಪರ್ ಅಂತ ಐತೆ. ಮೂರು ವರ್ಷದಿಂದ ಅದೇ ಐತೆ."

ಮೂರು ವರ್ಷ ಮಿಷನ್ನು ನಡೆಸಿದವನು ಇನ್ನೂ ಹೆಲ್ಪರ್ ಯಾಕೆ? ಆ ಹುಡುಗನ ಚೀಟಿಯ ಹಿಂದೆ ನೂರು ವರ್ಷದ ಚರಿತ್ರೆ ಇದೆ. ಅದನ್ನು ಬರೆದವರು ಕಡಿಮೆ.

ಮೊದಲು ವಸ್ತುವನ್ನೇ ಕೈಗೆತ್ತಿಕೊಳ್ಳೋಣ. ಗೋಡೆಯ ಪ್ಲಗ್ಗು, ಬಲ್ಬಿನ ಹೋಲ್ಡರು, ಪಂಪ್‌ಸೆಟ್ಟಿನ ಡಬ್ಬಿಯೊಳಗೆ ವೈರು ಬಿಗಿಯುವ ಟರ್ಮಿನಲ್ಲು, ಬೈಕಿನ ದೀಪದ ಹಿಂದೆ ಸಿಕ್ಕಿಸುವ ಬಿಳಿಯ ಗೂಡು – ಇವೆಲ್ಲ ಕನೆಕ್ಟರುಗಳೇ. ಎಲ್ಲದರಲ್ಲೂ ಇರುವುದು ಎರಡು ಭಾಗ. ಒಳಗೆ ಕರೆಂಟು ಹರಿಯುವ ಲೋಹ, ಹೊರಗೆ ಕರೆಂಟನ್ನು ತಡೆಯುವ ಮೈ. ಲೋಹ ಹಿತ್ತಾಳೆಯದೋ ಫಾಸ್ಫರ್ ಬ್ರಾಂಜಿನದೋ ಆಗಿರುತ್ತದೆ. ತಗಡನ್ನು ಪ್ರೆಸ್ಸಿನಲ್ಲಿ ಕತ್ತರಿಸಿ, ಬಗ್ಗಿಸಿ, ತವರದ ಲೇಪ ಕೊಡುತ್ತಾರೆ. ಮೈಯನ್ನು ಅಚ್ಚಿನಲ್ಲಿ ತೆಗೆಯುತ್ತಾರೆ. ಲೋಹ ಲೋಹವನ್ನು ಗಟ್ಟಿಯಾಗಿ ಮುಟ್ಟಿದರೆ ಕರೆಂಟು ಸರಾಗ. ಮುಟ್ಟುವುದು ಸಡಿಲವಾದರೆ ಅದೇ ಜಾಗ ಕಾದು ಸುಟ್ಟುಹೋಗುತ್ತದೆ. ಕರೆಂಟಿಗೆ ಮಡಿ ಮೈಲಿಗೆ ಇಲ್ಲ. ಮುಟ್ಟದೆ ಅದು ಹರಿಯುವುದೇ ಇಲ್ಲ. ಆದರೆ ಅದನ್ನು ಹರಿಸುವ ಸಾಮಾನು ಮಾಡುವ ಕೆಲಸ ಯಾರಿಗೆ, ಅದರ ಹೆಸರು ಯಾರಿಗೆ ಅನ್ನುವ ಕಡೆ ಈ ನಾಡಿನಲ್ಲಿ ಮಡಿ ಮೈಲಿಗೆ ಚೆನ್ನಾಗಿಯೇ ಕೆಲಸ ಮಾಡಿದೆ.

ಅಚ್ಚಿನ ಕಸುಬು ನಮ್ಮ ಜನಕ್ಕೆ ಹೊಸದಲ್ಲ. ಮೇಣದ ಗೊಂಬೆಗೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಉಳಿದ ಟೊಳ್ಳಿಗೆ ಕರಗಿದ ಲೋಹ ಹೊಯ್ಯುವ ವಿದ್ಯೆ ಶತಮಾನಗಳಿಂದ ಇತ್ತು. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಎಂಬ ಕಂಪನಿ ಸರ್ಕಾರದ ವೈದ್ಯ, ಹಳ್ಳಿಗಳಲ್ಲಿ ಅದಿರು ಕರಗಿಸಿ ಕಬ್ಬಿಣ ತೆಗೆಯುವ ಕುಲುಮೆಗಳನ್ನು ಕಂಡು ಬರೆದಿಟ್ಟ. ಕುಂಬಾರ, ಕಮ್ಮಾರ, ಕಂಚುಗಾರ, ಚಮ್ಮಾರ – ಕೈಯಲ್ಲಿ ವಸ್ತು ಮಾಡಿದವರೆಲ್ಲ ದುಡಿದರು. ಊರು ಅವರಿಗೆ ಕೊಟ್ಟದ್ದು ಕಸುಬಿನ ಗೌರವವಲ್ಲ, ಜಾತಿಯ ಹೆಸರು. ಕೇರಿಯವರಿಗೆ ಅದೂ ಇಲ್ಲ. ಸತ್ತ ದನ, ಬಿಟ್ಟಿ ಚಾಕರಿ. ಜಾತಿ ಹಂಚುವುದು ಕೆಲಸವನ್ನಲ್ಲ, ಕೆಲಸಗಾರರನ್ನೇ ಮೆಟ್ಟಿಲು ಮೆಟ್ಟಿಲಾಗಿ ಒಡೆದಿಡುತ್ತದೆ ಎಂದು ಬಾಬಾಸಾಹೇಬರು 1936ರಲ್ಲಿ ವಾದಿಸಿದರು. ನಮ್ಮ ಹಿರಿಯರಿಗೆ ಇದನ್ನು ಪುಸ್ತಕದಿಂದ ಕಲಿಯುವ ಅಗತ್ಯ ಇರಲಿಲ್ಲ.

ಆಮೇಲೆ ಕರೆಂಟು ಬಂತು. 1902ರಲ್ಲಿ ಶಿವನಸಮುದ್ರದಿಂದ ಹೊರಟ ತಂತಿ ಸುಮಾರು 147 ಕಿಲೋಮೀಟರ್ ಹಾದು ಹೋದದ್ದು ಯಾರ ಮನೆಗೂ ಅಲ್ಲ, ಕೋಲಾರದ ಚಿನ್ನದ ಗಣಿಗೆ. ಗಣಿ ಬಿಳಿಯರ ಜಾನ್ ಟೇಲರ್ ಕಂಪನಿಯದು. ಒಳಗಿಳಿದು ಬಂಡೆ ಒಡೆದವರಲ್ಲಿ ಬಹುಪಾಲು ತಮಿಳು ಸೀಮೆಯಿಂದ ಬಂದ ಅಸ್ಪೃಶ್ಯರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಅಂದರೆ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ದಲಿತರು ದುಡಿಯುವ ಜಾಗಕ್ಕೆ. ಅವರ ಬದುಕಿಗಲ್ಲ, ಅವರ ದುಡಿಮೆಯ ವೇಗ ಹೆಚ್ಚಿಸುವುದಕ್ಕೆ.

ನಮ್ಮ ಜಿಲ್ಲೆಯ ಕತೆಯೂ ಇದೇ ದಾರಿಯದು. 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಯಿತು. 1960ರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ನಾಡಿಗೆಲ್ಲ ಬೆಳಕು ಹೋಯಿತು. ಬೆಳಕಿಗಾಗಿ ಮನೆ ಗದ್ದೆ ಮುಳುಗಿಸಿಕೊಂಡವರು ಎಷ್ಟೋ ದಶಕದ ಮೇಲೂ ಹಕ್ಕುಪತ್ರಕ್ಕಾಗಿ ಕಚೇರಿ ಅಲೆದರು.

ಜೋಗಕ್ಕೂ ಮೊದಲೇ ಭದ್ರಾವತಿಯಲ್ಲಿ ಕುಲುಮೆ ಹೊತ್ತಿತ್ತು. ಇಲ್ಲಿ 1918ನೇ ಇಸವಿಯನ್ನು ಗೆಳೆಯರು ನೆನಪಿಡಬೇಕು. ಕಬ್ಬಿಣದ ಕಾರ್ಖಾನೆಯ ಯೋಜನೆ ಗಟ್ಟಿಯಾದದ್ದು ಆ ಹೊತ್ತಿನಲ್ಲಿ. ಅದೇ ವರ್ಷ ಮಹಾರಾಜರು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಸರ್ಕಾರಿ ನೌಕರಿಯೆಲ್ಲ ಒಂದೇ ಜಾತಿಯ ಕೈಯಲ್ಲಿದೆ, ಉಳಿದವರಿಗೆ ಹೇಗೆ ಪಾಲು ಕೊಡುವುದು ಎಂಬುದು ಅದರ ಮುಂದಿದ್ದ ಪ್ರಶ್ನೆ. ದಿವಾನ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ. ಅರ್ಹತೆ ಕೆಡುತ್ತದೆ ಎಂಬುದು ಅವರ ನಿಲುವು. ಆ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು. ಮುಂದೆ 1923ರ ಜನವರಿಯಲ್ಲಿ ಭದ್ರಾವತಿಯ ಕುಲುಮೆ ಉರಿದಾಗ ಅದರ ಆಡಳಿತದ ಹೊಣೆಯನ್ನು ಅವರೇ ಹೊತ್ತು ಕಾರ್ಖಾನೆಯನ್ನು ನಿಲ್ಲಿಸಿದರು. ಅವರ ದುಡಿಮೆಯನ್ನು ನಾವು ಅಲ್ಲಗಳೆಯುವುದಿಲ್ಲ. ಕೇಳುವುದು ಇಷ್ಟೆ: ಅರ್ಹತೆ ಅಂದರೆ ಯಾವುದು?

ಯಾಕೆಂದರೆ ಫೌಂಡ್ರಿಯ ಒಳಗೆ ಇನ್ನೊಂದು ಅರ್ಹತೆ ಇತ್ತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು. ಅದರಿಂದ ಇಳಿದ ಬೀಡನ್ನು ಅಚ್ಚಿಗೆ ಹೊಯ್ದು ಕೊಳವೆ ಮಾಡುತ್ತಿದ್ದರು. ಬೀಡು ಹೊಯ್ಯುವ ಮರಳಿನ ಅಚ್ಚು ಕಟ್ಟುವವನು ಮೌಲ್ಡರ್. ಮರದ ಪ್ಯಾಟರ್ನನ್ನು ಪೆಟ್ಟಿಗೆಯಲ್ಲಿಟ್ಟು ಮರಳು ತುಂಬಿ ಕುಟ್ಟಬೇಕು. ಕೆಳಪೆಟ್ಟಿಗೆ, ಮೇಲ್ಪೆಟ್ಟಿಗೆ ಕೂಡಿಸಿ, ಪ್ಯಾಟರ್ನು ಎತ್ತಿ, ಒಳಟೊಳ್ಳಿಗೆ ಕೋರ್ ಇಟ್ಟು, ಲೋಹ ಇಳಿಯುವ ದಾರಿ, ಗಾಳಿ ಹೋಗುವ ದಾರಿ ಬಿಡಬೇಕು. ಮರಳಿಗೆ ಜೇಡಿ, ಕಲ್ಲಿದ್ದಲ ಪುಡಿ, ನೀರು ಬೆರೆಸಿರುತ್ತಾರೆ. ಪಳಗಿದ ಮೌಲ್ಡರ್ ಒಂದು ಹಿಡಿ ಮರಳನ್ನು ಹಿಸುಕಿ, ಮುರಿದು ನೋಡುತ್ತಾನೆ. ನೀರು ಹೆಚ್ಚಾದರೆ ಹಬೆ ಎದ್ದು ಬೀಡಿನೊಳಗೆ ಗುಳ್ಳೆ ಕೂರುತ್ತದೆ. ಕಡಿಮೆಯಾದರೆ ಅಚ್ಚೇ ಉದುರುತ್ತದೆ. ಈ ಲೆಕ್ಕ ಅವನ ಮುಷ್ಟಿಯಲ್ಲಿದೆ. ಆದರೆ ಯಾವ ಪರೀಕ್ಷೆಯೂ ಮುಷ್ಟಿಗೆ ಅಂಕ ಕೊಡಲಿಲ್ಲ. ಆಫೀಸಿನ ಕುರ್ಚಿಗೆ ಕಾಗದ ಬೇಕಿತ್ತು. ಕಾಗದ ಯಾರ ಮನೆಯಲ್ಲಿತ್ತು ಎಂಬುದಕ್ಕೆ ಮಿಲ್ಲರ್ ಸಮಿತಿ ನೇಮಕವಾದದ್ದೇ ಸಾಕ್ಷಿ.

ಇದೇ ಕಾಲಕ್ಕೆ ವಿದ್ಯುತ್ ಸಾಮಾನಿನ ಕಾರ್ಖಾನೆಗಳೂ ಬಂದವು. 1932ರಲ್ಲಿ ಮೈಸೂರು ಸರ್ಕಾರದ ಪಿಂಗಾಣಿ ಕಾರ್ಖಾನೆ, 1933ರಲ್ಲಿ ಸರ್ಕಾರಿ ವಿದ್ಯುತ್ ಕಾರ್ಖಾನೆ, 1936ರಲ್ಲಿ ಮೈಸೂರು ಲ್ಯಾಂಪ್ಸ್ – ಮೂರೂ ಬೆಂಗಳೂರಿನಲ್ಲಿ. ಕಂಬದ ಮೇಲೆ ತಂತಿ ಹಿಡಿಯುವ ಬಿಳಿಯ ಬುಗುಟು ಪಿಂಗಾಣಿಯದು. ಅದು ಕೂಡ ಅಚ್ಚಿಗೆ ಹಾಕಿ ಸುಟ್ಟ ಮಣ್ಣೇ. ಹಳೆಯ ಮನೆಗಳ ಕರಿಯ ದುಂಡು ಸ್ವಿಚ್ಚು ಬೇಕಲೈಟಿನದು. ಬೆಲ್ಜಿಯಂನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಬೇಕ್‌ಲ್ಯಾಂಡ್ ಎಂಬ ರಸಾಯನ ವಿಜ್ಞಾನಿ ಅದನ್ನು 1909ರಲ್ಲಿ ಲೋಕಕ್ಕೆ ತಿಳಿಸಿದ. ಅದರ ಪುಡಿಯನ್ನು ಬಿಸಿ ಅಚ್ಚಿನಲ್ಲಿ ಒತ್ತಿದರೆ ಗಟ್ಟಿಯಾಗುತ್ತದೆ; ಒಂದು ಸಲ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಈಗಿನ ಕನೆಕ್ಟರುಗಳಿಗೆ ಹೆಚ್ಚಾಗಿ ನೈಲಾನು ಮತ್ತು ಅದರ ಜಾತಿಯ ಪ್ಲಾಸ್ಟಿಕ್ಕು. ಹರಳುಗಳನ್ನು ಕರಗಿಸಿ, ಒತ್ತಡದಲ್ಲಿ ಉಕ್ಕಿನ ಅಚ್ಚಿಗೆ ನುಗ್ಗಿಸಿ, ತಣ್ಣಗಾದ ಮೇಲೆ ಉದುರಿಸುತ್ತಾರೆ.

ಇಲ್ಲೊಂದು ಮಾತು ಗಮನಿಸಿ. ನೈಲಾನ್ ಹರಳು ಗಾಳಿಯ ತೇವ ಹೀರಿಕೊಳ್ಳುತ್ತದೆ. ಚೆನ್ನಾಗಿ ಒಣಗಿಸದೆ ಮಿಷನ್ನಿಗೆ ಸುರಿದರೆ ಮೈಮೇಲೆ ಬೆಳ್ಳಿ ಗೆರೆ ಏಳುತ್ತದೆ, ಮಾಲು ಪೆಡಸಾಗಿ ಒಡೆಯುತ್ತದೆ. ಭದ್ರಾವತಿಯ ಮೌಲ್ಡರ್ ಹಿಡಿಮರಳಿನಲ್ಲಿ ಹುಡುಕಿದ್ದು ಯಾವ ತೇವವನ್ನೋ ನವುಲೆಯ ಹುಡುಗ ಹರಳಿನಲ್ಲಿ ಹುಡುಕುವುದೂ ಅದನ್ನೇ. ಮಣ್ಣಿನಿಂದ ಬೀಡಿಗೆ, ಬೀಡಿನಿಂದ ಪ್ಲಾಸ್ಟಿಕ್ಕಿಗೆ ವಸ್ತು ಬದಲಾಯಿತು. ತಿಳಿವಳಿಕೆ ಒಂದೇ ಸಾಲಿನದು. ಇದನ್ನು ಕೌಶಲ ಅನ್ನದೆ ಬರಿ ರಟ್ಟೆಯ ಕೆಲಸ ಅನ್ನುವವರು ಒಂದು ದಿನ ಆ ಮಿಷನ್ನಿನ ಮುಂದೆ ನಿಲ್ಲಲಿ.

ಹಾಗಾದರೆ ಬಾಗಿಲು ಎಂದೂ ತೆರೆಯಲಿಲ್ಲವೆ? ತೆರೆಯಿತು, ಅರ್ಧ. 1950ರಲ್ಲಿ ದೇಶದಾದ್ಯಂತ ಐಟಿಐ ತರಬೇತಿ ಶುರುವಾಯಿತು. 1961ರಲ್ಲಿ ಅಪ್ರೆಂಟಿಸ್ ಕಾಯ್ದೆ ಬಂತು. ಸಂವಿಧಾನದ ಬಲದಿಂದ ಸರ್ಕಾರಿ ಕಾರ್ಖಾನೆಗಳಲ್ಲಿ ಮೀಸಲಾತಿ ಬಂತು. ಮೊದಲ ಸಲ ಕೇರಿಯ ಹುಡುಗನ ಕೈಗೆ ಫಿಟ್ಟರ್, ಟರ್ನರ್, ಮೌಲ್ಡರ್, ಎಲೆಕ್ಟ್ರಿಷಿಯನ್ ಎಂದು ಮುದ್ರೆ ಒತ್ತಿದ ಕಾಗದ ಬಂತು. ಆ ಹೆಸರಿನಲ್ಲಿ ಜಾತಿ ಇರಲಿಲ್ಲ. ಕಾಯಂ ಕೆಲಸ ಸಿಕ್ಕವನಿಗೆ ಕ್ವಾರ್ಟರ್ಸು, ಇಎಸ್ಐ, ಮಕ್ಕಳಿಗೆ ಶಾಲೆ. ಸಂಬಳದ ದಿನ ಸಾಹುಕಾರನ ಮನೆ ಬಾಗಿಲಲ್ಲಿ ನಿಲ್ಲಬೇಕಿಲ್ಲ. ಅಂಥ ಮನೆಯಲ್ಲಿ ತಲೆ ಎತ್ತುವುದಕ್ಕೆ ಜಾಗ ಸಿಗುತ್ತದೆ. 1970ರ ದಶಕದ ಮಧ್ಯದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದ್ದು ರಾಜಧಾನಿಯಲ್ಲಲ್ಲ, ಕಾರ್ಖಾನೆಯ ಊರಾದ ಭದ್ರಾವತಿಯಲ್ಲಿ. ಅದನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಅಲ್ಲಿನ ಕಾಲೇಜಿನ ಕನ್ನಡ ಮೇಷ್ಟ್ರು. ಇದು ಬರಿ ಆಕಸ್ಮಿಕ ಅಂತ ನಾವು ನಂಬುವುದಿಲ್ಲ.

ಆ ಅರ್ಧ ತೆರೆದ ಬಾಗಿಲು ಮತ್ತೆ ಮುಚ್ಚಿದ್ದು ನಮ್ಮ ಕಣ್ಣೆದುರೇ. ಬೆಂಗಳೂರಿನ ದೊಡ್ಡ ವಿದ್ಯುತ್ ಕಾರ್ಖಾನೆಯಾಗಿದ್ದ ಎನ್‌ಜಿಇಎಫ್, ಹಾಗೆಯೇ ಮೈಸೂರು ಲ್ಯಾಂಪ್ಸ್, ಈ ಶತಮಾನದ ಮೊದಲ ವರ್ಷಗಳಲ್ಲಿ ನಿಂತವು. ಭದ್ರಾವತಿಯ ಕಾರ್ಖಾನೆ 1989ರಲ್ಲಿ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು, 1998ರಲ್ಲಿ ಅದರಲ್ಲೇ ವಿಲೀನವಾಯಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಗೇಟಿನ ಮುಂದೆ ಧರಣಿ ಕೂತವರು ಗುತ್ತಿಗೆ ಕಾರ್ಮಿಕರು. ವರ್ಷಗಟ್ಟಲೆ ಕುಲುಮೆಯ ಬಿಸಿ ತಿಂದವರ ಹೆಸರು ಕಾರ್ಖಾನೆಯ ಕಾಯಂ ಪಟ್ಟಿಯಲ್ಲೇ ಇರಲಿಲ್ಲ. ಸರ್ಕಾರಿ ಕೆಲಸ ಕರಗಿದಂತೆ ಮೀಸಲಾತಿಯೂ ಕರಗಿತು. ಕೆಲಸ ಹೋದದ್ದು ಖಾಸಗಿ ಶೆಡ್ಡುಗಳಿಗೆ. ಅಲ್ಲಿ ಮೀಸಲಾತಿ ಇಲ್ಲ, ಇರುವುದು ಗುತ್ತಿಗೆದಾರ. ಊರಿನ ಗೌಡ ಹೆಸರಿಡಿದು ಕೂಗದೆ "ಏ ಹುಡ್ಗಾ" ಅನ್ನುತ್ತಿದ್ದ. ಗುತ್ತಿಗೆದಾರ "ಹೆಲ್ಪರ್" ಅನ್ನುತ್ತಾನೆ. ಎರಡರ ಅರ್ಥವೂ ಒಂದೇ: ನಿನಗೆ ಹೆಸರಿಲ್ಲ, ನೀನು ಹೋದರೆ ಇನ್ನೊಬ್ಬ.

ಹೆಣ್ಣುಮಕ್ಕಳ ಪಾಡು ಇನ್ನೂ ಒಂದು ಮೆಟ್ಟಿಲು ಕೆಳಗೆ. ಪಿನ್ನು ಸಿಕ್ಕಿಸುವುದು, ವೈರಿಗೆ ತುದಿ ಒತ್ತುವುದು, ಕಣ್ಣಿಟ್ಟು ತಪ್ಪು ಆರಿಸುವುದು ಹೆಚ್ಚಾಗಿ ಅವರ ಪಾಲು. ಹೆಂಗಸರ ಬೆರಳು ಸೂಕ್ಷ್ಮ, ತಾಳ್ಮೆ ಜಾಸ್ತಿ ಅಂತ ಹೊಗಳುತ್ತಾರೆ. ಹೊಗಳಿಕೆ ಬೆರಳಿಗೆ, ಬಡ್ತಿ ಇನ್ನೊಬ್ಬರಿಗೆ. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂತು. ಕೆಲಸದ ಹೆಸರನ್ನೇ ಬೇರೆ ಮಾಡಿಬಿಟ್ಟರೆ ಸಮಾನ ಅನ್ನುವ ಮಾತೇ ಏಳುವುದಿಲ್ಲವಲ್ಲ!

ಹಾಗಂತ ಈ ಕೆಲಸಕ್ಕೆ ಹೋಗಬೇಡಿ ಅಂತ ನಾವು ಹೇಳುತ್ತಿಲ್ಲ. ಹೋಗಿ, ಆದರೆ ಕಣ್ಣು ತೆರೆದು ಹೋಗಿ. ಈ ಕಸುಬಿಗೂ ಮೆಟ್ಟಿಲುಗಳಿವೆ. ಮಾಲು ಆರಿಸುವವನು, ಮಿಷನ್ನು ನಡೆಸುವವನು, ಬಿಸಿ ಒತ್ತಡ ಹೊಂದಿಸುವ ಸೆಟ್ಟರು, ಅಚ್ಚನ್ನೇ ಮಾಡುವ ಡೈ ಮೇಕರು, ಗುಣ ಪರೀಕ್ಷೆಯವನು. ಅಚ್ಚು ಮಾಡುವವನಿಗೆ ಎಲ್ಲ ಕಡೆ ಬೆಲೆ. ಅದನ್ನು ಕಲಿಸಲೆಂದೇ 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಜಿಟಿಟಿಸಿ ಎಂಬ ಸರ್ಕಾರಿ ಸಂಸ್ಥೆ ಶುರುವಾಯಿತು; ಈಗ ಹಲವು ಜಿಲ್ಲೆಗಳಲ್ಲಿ ಅದರ ಕೇಂದ್ರಗಳಿವೆ. ನವುಲೆಗೆ 1980ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದದ್ದನ್ನು ಎಲ್ಲರೂ ಬಲ್ಲರು. ಹತ್ತನೇ ತರಗತಿ ಮುಗಿಸಿದ ಕೇರಿಯ ಮಗುವಿಗೆ ಐಟಿಐ ಅರ್ಜಿಯ ಕೊನೇ ದಿನ ಯಾವುದು ಅಂತ ಹೇಳುವವರು ಎಷ್ಟು ಜನ ಇದ್ದಾರೆ? ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಈ ಒಂದು ಕೆಲಸ ನಿಮ್ಮಿಂದ ಆಗಬೇಕು.

ಕೆಲಸದಲ್ಲಿರುವವರಿಗೂ ಒಂದೆರಡು ಮಾತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಬಗ್ಗೆ ಕಾರ್ಮಿಕ ಸಂಘಗಳಿಗೆ ತಕರಾರುಗಳಿವೆ, ಇರಬೇಕಾದ್ದೇ. ಆದರೆ ಪ್ರತಿ ಕೆಲಸಗಾರನಿಗೂ ನೇಮಕಾತಿ ಪತ್ರ ಕೊಡಬೇಕು ಅನ್ನುವ ಮಾತು ಅವುಗಳಲ್ಲಿದೆ. ಅದನ್ನು ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಯಾವ ಕೆಲಸ ಅಂತ ಬರೆದಿದೆ, ಓದಿ. ಪಿಎಫ್ ನಂಬರು, ಇಎಸ್ಐ ಕಾರ್ಡು ಕೈಯಲ್ಲಿರಲಿ. ಫೌಂಡ್ರಿಯಲ್ಲಿ ದುಡಿಯುವವರು ಎದೆಯ ಎಕ್ಸ್‌ರೇ ಬಗ್ಗೆ ಪಟ್ಟು ಹಿಡಿಯಲೇಬೇಕು. ಮರಳಿನ ಕಣ್ಣಿಗೆ ಕಾಣದ ದೂಳು ಶ್ವಾಸಕೋಶದಲ್ಲಿ ಕೂತು ವರ್ಷಗಳ ಮೇಲೆ ಸಿಲಿಕೋಸಿಸ್ ಆಗಿ ಎದ್ದರೆ ಅದನ್ನು ವಾಸಿ ಮಾಡುವ ಮದ್ದಿಲ್ಲ. 1948ರ ಕಾರ್ಖಾನೆ ಕಾಯ್ದೆಯೇ ಅದನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತ್ತು. ಎಷ್ಟೋ ಜನರ ಸಾವಿಗೆ ಬರಿ ಕೆಮ್ಮು ಅಂತ ಹೆಸರಿಟ್ಟು ಮಣ್ಣು ಮಾಡಿದ್ದೇವೆ. ಕೆಲಸಕ್ಕೆ ಹೆಸರು ಬೇಕು ಅನ್ನುವ ಹಾಗೆ ಕಾಯಿಲೆಗೂ ಹೆಸರು ಬೇಕು.

ಮೂರು ಪಿನ್ನಿನ ಪ್ಲಗ್ಗನ್ನು ಒಮ್ಮೆ ನೋಡಿ. ನೆಲಕ್ಕೆ ಸೇರುವ ಪಿನ್ನು ಉಳಿದೆರಡಕ್ಕಿಂತ ಉದ್ದ, ದಪ್ಪ. ಮೊದಲು ಅದು ಮುಟ್ಟಬೇಕು, ಆಮೇಲೆ ಕರೆಂಟಿನದು. ಹಾಗಿದ್ದರೇ ಕೈಗೆ ಅಪಾಯವಿಲ್ಲ. ಕಾರ್ಖಾನೆ ಕಟ್ಟುವವರೂ ನೆಲವನ್ನು ಮೊದಲು ಮುಟ್ಟಿದ್ದರೆ ಈ ಲೇಖನದ ಅಗತ್ಯ ಇರುತ್ತಿರಲಿಲ್ಲ.

ಆ ಹುಡುಗನ ಬಸ್ಸು ಬಂತು. ಹತ್ತುವಾಗ ಅವನಿಗೆ ಒಂದೇ ಮಾತು ಹೇಳಿದೆವು: "ಈ ಸಲ ಹೋದಾಗ ನಿನ್ನ ಕೆಲ್ಸದ ಹೆಸ್ರು ಏನು ಅಂತ ಬರೆದು ಕೊಡೋಕೆ ಕೇಳು. ಒಬ್ನೇ ಕೇಳ್ಬೇಡ, ಸೆಕ್ಷನ್ನಿನೋರೆಲ್ಲ ಸೇರ್ಕೊಂಡು ಕೇಳಿ." ಅವನು ಈ ಸಲ ನಗಲಿಲ್ಲ. "ಕೇಳ್ತೀವಿ ಅಣ್ಣಾ" ಅಂದ.